ದೇವಿಂದ್ರಮ್ಮ ತೋರಿಸಿದ ಕರೀ ಚುಕ್ಕಿ

ನಮ್ಮ ಊರಿನ ಕೋಠಿ ಪೇಟೆಯಲ್ಲಿ ಔಷಧಿ ಅಂಗಡಿಗಳ ಸಾಲು ಮುಗಿದು ಪುಸ್ತಕದ ಅಂಗಡಿಗಳು ಶುರುವಾಗುವ ಮೊದಲು, ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಇಕ್ಕಟ್ಟಿನ ಅಂಗಡಿಯಿದೆ. ಕಾಲೇಜುಗಳ ಪ್ರಯೋಗಶಾಲೆಗೆ ಬೇಕಾದ ಬೀಕರು, ಬ್ಯುರೆಟ್ಟು, ಥರ್ಮಾಮೀಟರು ಅಲ್ಲಿ ಸಿಗುತ್ತವೆ. ಹೋದ ತಿಂಗಳು ಅಲ್ಲಿಗೆ ಹೋಗಿದ್ದೆ. ಎಲ್ಲವನ್ನೂ ಮೊಬೈಲಿನಲ್ಲೇ ತರಿಸಬಹುದಲ್ಲ ಎಂದು ನನ್ನ ವಿದ್ಯಾರ್ಥಿಗಳು ನಗುತ್ತಾರೆ. ತರಿಸಬಹುದು ನಿಜ. ಆದರೆ ಗಾಜನ್ನು ಕೈಯಲ್ಲಿ ಹಿಡಿಯದೆ, ಉಗುರಿನಿಂದ ತಟ್ಟಿ ಸದ್ದು ಕೇಳದೆ ಕೊಳ್ಳುವುದು ನನ್ನಿಂದಾಗದು. ಬೆಂಡೆಕಾಯಿಯ ತುದಿ ಮುರಿದು ನೋಡಿ ತರಕಾರಿಯವನ ಸಿಟ್ಟಿಗೆ ಗುರಿಯಾಗುವ ಗುಂಪಿಗೆ ಸೇರಿದವಳು ನಾನು.

“ಬೀಡಾಂ ಹೋನಾ ಕ್ಯಾ ಮೇಡಂ, ನವಾ ಮಾಲ್ ಆಯಾ”, ಬೀಡು ಬೇಕೇ, ಹೊಸ ಮಾಲು ಬಂದಿದೆ ಎನ್ನುತ್ತ ಅಂಗಡಿಯಾತ ಒಂದು ಪೊಟ್ಟಣ ಬಿಚ್ಚಿ ನನ್ನ ಅಂಗೈಗೆ ಏಳೆಂಟು ಬಿಳಿಯ ಗುಳಿಗೆಗಳನ್ನು ಸುರಿದ.

ನೀವು ಇವನ್ನು ನೋಡಿದ್ದೀರೋ ಇಲ್ಲವೋ ತಿಳಿಯದು. ನೋಡಲು ಜ್ವರದ ಮಾತ್ರೆಯ ಹಾಗೆಯೇ ಇರುತ್ತವೆ. ಒಳಗೆ ಪುಟ್ಟ ಅಯಸ್ಕಾಂತ, ಹೊರಗೆ ನಾನ್‌ಸ್ಟಿಕ್ ತವೆಗೆ ಬಳಿದಿರುತ್ತಾರಲ್ಲ, ಅಂಥದೇ ಪದಾರ್ಥದ ಬಿಳಿ ಕವಚ. ದ್ರಾವಣವಿರುವ ಫ್ಲಾಸ್ಕಿನೊಳಗೆ ಇದನ್ನು ಹಾಕಿ, ಕೆಳಗೆ ಒಂದು ಯಂತ್ರವಿಟ್ಟು ತಿರುಗಿಸಿದರೆ, ಇದು ಒಳಗೇ ಗಿರಗಿರ ಸುತ್ತಿ ದ್ರಾವಣವನ್ನು ಕಲಕುತ್ತದೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ಬಡಪಾಯಿ ಸಾಮಾನು ಇನ್ನೊಂದಿಲ್ಲ. ಲ್ಯಾಬಿನಲ್ಲಿ ಎಲ್ಲರೂ ಬೀಡ್ ಅನ್ನುತ್ತೇವೆ. ನಾನು ಒಂದೊಂದನ್ನೇ ಬೆರಳಲ್ಲಿ ಹೊರಳಿಸಿ ಮೈಯೆಲ್ಲ ನೋಡತೊಡಗಿದೆ. “ಹೊಸದು ಮೇಡಂ, ಏನು ನೋಡ್ತೀರಿ?” ಎಂದು ಅವನು ಹಿಂದಿಯಲ್ಲಿ ಕೇಳಿದ. ಏನು ಹೇಳಲಿ? ಹಾಗೆ ನೋಡುವುದನ್ನು ನನಗೆ ಕಲಿಸಿದ್ದು ಒಬ್ಬ ಹೆಣ್ಣುಮಗಳು. ಕಲಿಸಿದಾಗ ನಾನು ಕಲಿಯಲಿಲ್ಲ. ಅದರಿಂದಾದ ಅನ್ಯಾಯವನ್ನು ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳಿಲ್ಲ. ನಿಮಗೆ ಹೇಳುತ್ತೇನೆ.

ತೆಲಂಗಾಣ ಆಗಷ್ಟೇ ಹೊಸ ರಾಜ್ಯವಾಗಿತ್ತು. ಮೆಟ್ರೋ ಕಂಬಗಳು ಎದ್ದು ನಿಂತಿದ್ದವು, ರೈಲು ಇನ್ನೂ ಓಡುತ್ತಿರಲಿಲ್ಲ. ನಾನು ಈ ಊರಿನ ಒಂದು ಸಂಶೋಧನಾಲಯದಲ್ಲಿ ನಿರವಯವ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ ಮಾಡುತ್ತಿದ್ದೆ. ಯಾವ ಸಂಶೋಧನಾಲಯ ಎಂಬುದು ಬೇಡ. ಅಪ್ಪ ಧಾರವಾಡ ಕಡೆಯವರು, ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ನೌಕರಿ. ಹಾಗಾಗಿ ನಾನು ಹುಟ್ಟಿ ಬೆಳೆದದ್ದು ಇಲ್ಲಿಯೇ. ಮನೆಯಲ್ಲಿ ಕನ್ನಡ, ಗೇಟು ದಾಟಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ಮೂರರಲ್ಲೂ ಸುಳ್ಳು ಹೇಳಲು ಬರುತ್ತಿತ್ತು ಎಂಬುದು ಆಮೇಲೆ ಗೊತ್ತಾಯಿತು.

ನಮ್ಮ ಮಾರ್ಗದರ್ಶಕರನ್ನು ಸರ್ ಎಂದೇ ಕರೆಯುತ್ತೇನೆ. ಗೋದಾವರಿ ತೀರದವರು. ಮೃದು ಮಾತು, ಒಳ್ಳೆಯ ಮೇಷ್ಟ್ರು. ವಿದ್ಯಾರ್ಥಿನಿಯರನ್ನೆಲ್ಲ ‘ಅಮ್ಮಾ’ ಎಂದು ಮಾತಾಡಿಸುತ್ತಿದ್ದರು. ಅವರಿಗೆ ಒಂದು ಆಸೆಯಿತ್ತು. ಪೆಲ್ಲಾಡಿಯಂ ಎಂಬ ಲೋಹವಿದೆ. ಎರಡು ಇಂಗಾಲದ ಉಂಗುರಗಳನ್ನು ತಂದು ಒಂದಕ್ಕೊಂದು ಬೆಸೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ನೀವು ನುಂಗುವ ಎಷ್ಟೋ ಮಾತ್ರೆಗಳು ಅದರ ಸಹಾಯದಿಂದ ತಯಾರಾಗುತ್ತವೆ. ಆದರೆ ಅದು ಭೂಮಿಯಲ್ಲಿ ಅಪರೂಪ, ಬೆಲೆ ಬಂಗಾರದ ಸಮ. ಆ ಕೆಲಸವನ್ನು ಕಬ್ಬಿಣದಿಂದ ಮಾಡಿಸಬೇಕು ಎಂಬುದು ಲೋಕದ ಎಷ್ಟೋ ರಸಾಯನಶಾಸ್ತ್ರಜ್ಞರ ಕನಸು. ಕಬ್ಬಿಣವೆಂದರೆ ಎಲ್ಲಿ ಅಗೆದರೂ ಸಿಗುವಂಥದ್ದು, ನಮ್ಮ ನೆತ್ತರಿನಲ್ಲೇ ಇರುವಂಥದ್ದು. “ಬಡವರ ಲೋಹ ಅಮ್ಮಾ, ಬಡ ದೇಶಗಳ ಔಷಧಿ ಇದರಿಂದ ಆಗಬೇಕು” ಎಂದು ಸರ್ ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತು. ಅದು ತೋರಿಕೆಯ ಮಾತಾಗಿರಲಿಲ್ಲ.

ನಾನು ಕಬ್ಬಿಣದ ಪರಮಾಣುವೊಂದನ್ನು ನಾಲ್ಕು ಸಾರಜನಕಗಳ ನಡುವೆ ಕೂರಿಸಿದ ಒಂದು ಸಂಯುಕ್ತ ತಯಾರಿಸಿದೆ. ಇಟ್ಟಿಗೆಯ ಬಣ್ಣದ ಪುಡಿ. ಅದನ್ನು ಚಿಟಿಕೆಯಷ್ಟು ಹಾಕಿ ಕುದಿಸಿದರೆ ಎರಡು ಉಂಗುರಗಳು ಬೆಸೆದುಕೊಂಡವು. ಮತ್ತೆ ಮಾಡಿದೆ, ಮತ್ತೆ ಆಯಿತು. ಹತ್ತು ಹದಿನೈದು ಸಲ ಆಯಿತು. ಪ್ರಬಂಧ ಬರೆದೆವು. ಒಳ್ಳೆಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದರ ಪ್ರತಿಯನ್ನು ನಾನು ಬಣ್ಣದಲ್ಲಿ ಮುದ್ರಿಸಿ, ಪ್ಲಾಸ್ಟಿಕ್ ಹೊದಿಕೆ ಹಾಕಿಸಿ, ಊರಿಗೆ ಹೋದಾಗ ಸೋದರಮಾವನ ಮನೆಯ ಟೀವಿಯ ಪಕ್ಕ ಇಟ್ಟು ಬಂದೆ. ಯಾರೂ ಒಂದಕ್ಷರ ಓದಲಿಲ್ಲ. ನನಗೂ ಓದಬೇಕಾಗಿರಲಿಲ್ಲ, ನೋಡಿದರೆ ಸಾಕಿತ್ತು.

ದೇವಿಂದ್ರಮ್ಮ ನಮ್ಮ ಲ್ಯಾಬಿನ ಹಿಂದಿನ ಕೋಣೆಯಲ್ಲಿ ಗಾಜಿನ ಪಾತ್ರೆ ತೊಳೆಯುತ್ತಿದ್ದರು. ಗುತ್ತಿಗೆಯ ಕೆಲಸ. ಅವರು ಕನ್ನಡದವರೆಂದು ತಿಳಿದದ್ದು ನಲ್ಲಿಯಲ್ಲಿ ನೀರು ನಿಂತ ಒಂದು ದಿನ, “ಹ್ವಾತ ನೋಡು, ಈಗಾ ಹೋಗಬೇಕೇನು ಇದು” ಎಂದು ನಲ್ಲಿಯನ್ನೇ ಬೈಯುತ್ತಿದ್ದಾಗ.

“ಯಾವೂರ್ರಿ ನಿಮ್ದು?” ಎಂದೆ.

ತಿರುಗಿ ನೋಡಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. “ಯಾದಗಿರಿ ಕಡಿ ಬರತೈತ್ರಿ. ನೀವು ನಮ್ಮ ಮಾತಿನವರು ಅಂತ ಗೊತ್ತ ಇರ್ಲಿಲ್ಲ ನೋಡ್ರಿ ಅಕ್ಕೋರ. ಈ ಬಿಲ್ಡಿಂಗ ಕಟ್ಟಾಕ ಬಂದಿದ್ವಿ ನಾವು. ನಮ್ಮವರು ಸೆಂಟ್ರಿಂಗ್ ಹೊಡದ್ರು, ನಾ ಇಟ್ಟಂಗಿ ಹೊತ್ತೆ. ಕಟ್ಟೂದು ಮುಗೀತು, ನಾ ಇಲ್ಲೇ ಉಳದೆ.”

ಅವರು ನಿಂತಿದ್ದ ಗೋಡೆಯ ಇಟ್ಟಿಗೆಗಳನ್ನು ಅವರೇ ಹೊತ್ತಿದ್ದರು. ನಲವತ್ತೈದರ ಆಸುಪಾಸಿನ ವಯಸ್ಸು, ಎತ್ತರದ ಆಳು, ಉದ್ದ ಬೆರಳು. ಅಕ್ಷರ ಬಾರದು. ಆದರೆ ಯಾವ ಫ್ಲಾಸ್ಕು ಯಾರದು, ಯಾವುದರ ತಳದಲ್ಲಿ ಏನು ಅಂಟಿಕೊಳ್ಳುತ್ತದೆ, ಯಾವುದಕ್ಕೆ ಮೊದಲು ಅಸಿಟೋನ್ ಹಾಕಬೇಕು, ಯಾವುದಕ್ಕೆ ಸೋಡಾ ನೀರು, ಎಲ್ಲ ಬಲ್ಲರು. ಬೀಡುಗಳನ್ನು ಗುಳಿಗಿ ಅನ್ನುತ್ತಿದ್ದರು. ಕಿಟಕಿಯ ಕಟ್ಟೆಯ ಮೇಲೆ ಎರಡು ಡಬ್ಬಿ ಇಟ್ಟಿದ್ದರು. ಒಂದರ ಕುತ್ತಿಗೆಗೆ ಕೆಂಪು ದಾರ ಕಟ್ಟಿದ್ದರು. ದಾರ ಕಟ್ಟಿದ್ದರಲ್ಲಿ ಇದ್ದವು ಬಳಸಬಾರದವು.

ಆದರೆ ನನಗೆ ಯಾವಾಗಲೂ ಅವಸರ. ಕಬ್ಬಿಣದ ಪ್ರಯೋಗ ಶುರು ಮಾಡಿದ ಹೊಸದರಲ್ಲೇ ಒಂದು ದಿನ ದಾರ ಕಟ್ಟಿದ ಡಬ್ಬಿಯಿಂದಲೇ ನಾಲ್ಕು ಬೀಡು ತೆಗೆದುಕೊಂಡೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

“ಇವು ಬ್ಯಾಡ್ರಿ ಅಕ್ಕೋರ. ಮ್ಯಾಲ ಕರೀ ಚುಕ್ಕಿ ಅದಾವ ನೋಡ್ರಿ.”

“ತೊಳದೀರಿಲ್ಲೋ?”

“ಮೂರ ಸಲ ತೊಳದೀನಿ. ಇದು ಮ್ಯಾಲಿನ ಹೊಲಸಲ್ರಿ, ಒಳಗ ಹೊಕ್ಕೈತಿ. ಸೀರಿಗಿ ಬಾಳಿಕಾಯಿ ಕಲಿ ಹತ್ತಿದ್ರ ಹೋಗತೈತೇನ್ರಿ? ಹಂಗ. ಮೊದಲ ಇದ್ರಲ್ಲ, ಆ ಕರೀ ಪುಡಿ ಹಾಕಿ ಕುದಸವ್ರು, ಅವರ ಕಾಲದ ಗುಳಿಗಿ ಇವು.”

“ಇರ್ಲಿ ಬಿಡ್ರಿ, ಬರೇ ಕಲಕಾಕ ಅಲ್ಲೇನು” ಎಂದು ನಾನು ಹೊರಟೆ.

ಆ ಕರೀ ಪುಡಿ ಹಾಕಿ ಕುದಿಸುತ್ತಿದ್ದವರು ನನಗಿಂತ ಹಿರಿಯ ಸಂಶೋಧಕರು. ಅವರು ವರ್ಷಗಟ್ಟಲೆ ಪೆಲ್ಲಾಡಿಯಂ ಬಳಸಿದ್ದರು. ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಎಂಟನೇ ಇಯತ್ತೆಯ ವಿಜ್ಞಾನ ಸಾಕಾಗಿತ್ತು. ನಾನು ನೋಡಲಿಲ್ಲ. ಆ ಡಬ್ಬಿ ಬಾಗಿಲಿನ ಬದಿಗಿತ್ತು, ಕೈಗೆ ಮೊದಲು ಸಿಗುತ್ತಿತ್ತು, ಅಷ್ಟೇ ಕಾರಣಕ್ಕೆ ಮುಂದೆಯೂ ಅದರಿಂದಲೇ ತೆಗೆದುಕೊಳ್ಳುತ್ತ ಹೋದೆ.

ಪ್ರಬಂಧ ಅಚ್ಚಾದ ನಾಲ್ಕೈದು ತಿಂಗಳಿಗೆ ಹೊರದೇಶದ ಒಬ್ಬ ಪ್ರಾಧ್ಯಾಪಕರಿಂದ ಪತ್ರ ಬಂತು. ಬಹಳ ಸಭ್ಯವಾದ ಪತ್ರ. ನಿಮ್ಮ ಕೆಲಸ ನಮಗೆ ಮೆಚ್ಚುಗೆಯಾಯಿತು, ಆದರೆ ನಮ್ಮ ಕೈಯಲ್ಲಿ ಅದು ನಡೆಯುತ್ತಿಲ್ಲ, ನಾವು ಏನನ್ನಾದರೂ ಬಿಟ್ಟಿದ್ದೇವೆಯೇ ದಯವಿಟ್ಟು ತಿಳಿಸಿ ಎಂದಿತ್ತು. ಸರ್ ಓದಿ, ಎಲ್ಲವನ್ನೂ ಹೊಸದಾಗಿ ತಂದು ಇನ್ನೊಮ್ಮೆ ಮಾಡು ಎಂದರು. ಇದೇ ಕೋಠಿಗೆ ಬಂದು ಹೊಸ ಫ್ಲಾಸ್ಕು, ಹೊಸ ಬೀಡು ಕೊಂಡು ಹೋದೆ. ಮಾಡಿದೆ. ಆಗಲಿಲ್ಲ. ನಾಲ್ಕು ಸಲ ಮಾಡಿದೆ, ಆಗಲಿಲ್ಲ.

ಆಗ ನನಗೆ ನೆನಪಾಯಿತು. ಈ ಮಾತನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯಬೇಕು. ನಾಲ್ಕನೆಯ ಸಲ ಫ್ಲಾಸ್ಕನ್ನು ಬೆಳಕಿಗೆ ಹಿಡಿದಾಗ, ಒಳಗೆ ಹಾಲಿನಂತೆ ಬೆಳ್ಳಗಿದ್ದ ಹೊಸ ಬೀಡನ್ನು ನೋಡಿದಾಗ, ಮೊದಲು ಬಳಸಿದ್ದವುಗಳ ಮೈಮೇಲಿನ ಚುಕ್ಕೆ ಕಣ್ಣ ಮುಂದೆ ಬಂತು. ಆ ಚುಕ್ಕೆ ಪೆಲ್ಲಾಡಿಯಂ ಆಗಿದ್ದರೆ ನನ್ನ ಕಬ್ಬಿಣ ಏನನ್ನೂ ಮಾಡಿರಲಿಲ್ಲ. ನಾಲ್ಕು ವರ್ಷದ ಕೆಲಸ ಹೋಯಿತು. ಮಾವನ ಮನೆಯ ಟೀವಿಯ ಪಕ್ಕದ ಕಾಗದವೂ ಹೋಯಿತು. ನಾನು ಫ್ಲಾಸ್ಕನ್ನು ಕೆಳಗಿಟ್ಟು, ಯಾರಿಗೂ ಹೇಳದೆ ಕ್ಯಾಂಟೀನಿಗೆ ಹೋಗಿ ಚಹಾ ಕುಡಿದೆ.

ಸರ್ ಕಾರಣ ಹುಡುಕುತ್ತಿದ್ದರು. ಅವರ ದೊಡ್ಡ ಯೋಜನೆಯೊಂದು ಮಂಜೂರಾತಿಯ ಹಂತದಲ್ಲಿತ್ತು. ಎಲ್ಲವೂ ಈ ಕಬ್ಬಿಣದ ಮೇಲೆ ನಿಂತಿತ್ತು. ಕಾರಣ ಬೇಕೆನ್ನುವವರಿಗೆ ಕಾರಣ ಸಿಗುತ್ತದೆ. ತೊಳೆಯುವ ಕೋಣೆಗೆ ಆ ತಿಂಗಳು ಬೇರೆ ಸೋಪು ಬಂದಿತ್ತು, ಹೊಸ ಫ್ಲಾಸ್ಕುಗಳನ್ನೂ ಅಲ್ಲೇ ತೊಳೆಸಿ ಬಳಸಿದ್ದೆ. ಗಾಜಿನಲ್ಲಿ ಸೋಪಿನ ಅಂಶ ಉಳಿಯುತ್ತಿದೆ, ಅದು ಕಬ್ಬಿಣದ ಶಕ್ತಿಯನ್ನು ಕೊಲ್ಲುತ್ತಿದೆ ಎಂದು ಅವರಿಗೆ ಅನ್ನಿಸಿತು. ಹಾಗಾಗುವುದು ಅಸಾಧ್ಯವೇನಲ್ಲ. ಗುತ್ತಿಗೆಯ ಸೂಪರ್‌ವೈಸರನ್ನು ಕರೆಸಿದರು.

ಬೆಳಿಗ್ಗೆ ಹನ್ನೊಂದರ ಹೊತ್ತು. ವರಾಂಡದಲ್ಲಿ ಸರ್, ಸೂಪರ್‌ವೈಸರ್, ನಾನು, ಮತ್ತು ಗೋಡೆಗೆ ಒತ್ತಿ ನಿಂತ ದೇವಿಂದ್ರಮ್ಮ. ತೊಳೆಯುವುದು ಸರಿಯಿಲ್ಲ, ಬೇರೆಯವರನ್ನು ಕೊಡಿ ಎಂದರು ಸರ್. ಜೋರಾಗಿ ಹೇಳಲಿಲ್ಲ. ಸೂಪರ್‌ವೈಸರ್ ಜೋರು ಮಾಡಿದ.

“ಮೈ ಸಾಫ್ ಧೋಯೀ ಸಾಬ್” ಎಂದರು ದೇವಿಂದ್ರಮ್ಮ, ಸ್ವಚ್ಛವಾಗಿಯೇ ತೊಳೆದಿದ್ದೇನೆ ಎಂದು. ಆಮೇಲೆ ನನ್ನ ಕಡೆ ತಿರುಗಿದರು. “ಅಕ್ಕೋರ, ನೀವರ ಹೇಳ್ರಿ. ಆ ಚುಕ್ಕಿ ಗುಳಿಗಿ ನಾ ನಿಮಗ ತೋರ್ಸಿದ್ನೆಲ್ರಿ. ಬ್ಯಾಡ ಅಂದಿದ್ನೆಲ್ರಿ.”

ಆ ವರಾಂಡದಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ.

“ಏಮಂಟೋಂದಿ ಅಮ್ಮಾ?” ಎಂದು ಸರ್ ನನ್ನನ್ನು ಕೇಳಿದರು. ಏನು ಹೇಳುತ್ತಿದ್ದಾಳೆ ಎಂದು.

“ಏಮೀ ಲೇದು ಸರ್” ಎಂದೆ. ಏನೂ ಇಲ್ಲ ಎಂದೆ.

ದೇವಿಂದ್ರಮ್ಮನಿಗೆ ಅಷ್ಟು ತೆಲುಗು ಬರುತ್ತಿತ್ತು. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ನಾನು ಕೈಯಲ್ಲಿದ್ದ ನೋಟುಪುಸ್ತಕದ ಹಾಳೆ ತಿರುವತೊಡಗಿದೆ. ಯಾವ ಹಾಳೆಯೋ, ಏನೋ. ತಲೆ ಎತ್ತಿದಾಗ ಅವರು ಹೋಗಿಯಾಗಿತ್ತು. ಸಂಜೆ ಸೂಪರ್‌ವೈಸರ್ ತನ್ನ ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ‘ಸ್ವಚ್ಛತೆ ಇಲ್ಲದ ಕಾರಣ ತೆಗೆಯಲಾಗಿದೆ’ ಎಂದು ಬರೆದ. ಅದನ್ನು ನಾನು ಕಣ್ಣಾರೆ ನೋಡಿದೆ.

ತೊಳೆಯಲು ಬೇರೊಬ್ಬರು ಬಂದರು. ಗಾಜನ್ನು ಎರಡೆರಡು ಸಲ ತೊಳೆದು, ಒಲೆಯಲ್ಲಿ ಒಣಗಿಸಿ ಕೊಟ್ಟರು. ಪ್ರಯೋಗ ಆಗಲೇ ಇಲ್ಲ. ಹತ್ತು ದಿನ ನಾನು ದಿನಾ ಬಂದೆ, ದಿನಾ ಏನೋ ಮಾಡಿದೆ. ಊಟ ಸೇರುತ್ತಿರಲಿಲ್ಲ. ಮನೆಯಲ್ಲಿ ಅವ್ವ ಮೈ ಮುಟ್ಟಿ ನೋಡಿ ಜ್ವರವಿಲ್ಲವೆಂದು ಸಮಾಧಾನಪಟ್ಟಳು.

ಒಂದು ಭಾನುವಾರ ಮಧ್ಯಾಹ್ನ ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ತೊಳೆಯುವ ಕೋಣೆಗೆ ಹೋದೆ. ಕೆಂಪು ದಾರದ ಡಬ್ಬಿ ಅದೇ ಜಾಗದಲ್ಲಿತ್ತು, ಯಾರೂ ಮುಟ್ಟಿರಲಿಲ್ಲ. ಅದರಿಂದ ಒಂದು ಬೀಡು ತೆಗೆದೆ. ಹೊಸ ಫ್ಲಾಸ್ಕಿಗೆ ಎಲ್ಲವನ್ನೂ ಹಾಕಿದೆ. ಕಬ್ಬಿಣದ ಪುಡಿಯೊಂದನ್ನು ಬಿಟ್ಟು. ಆ ಚುಕ್ಕೆಯ ಬೀಡನ್ನು ಹಾಕಿ, ಯಂತ್ರ ತಿರುಗಿಸಿ, ಪಕ್ಕದ ಸ್ಟೂಲಿನ ಮೇಲೆ ಕೂತೆ. ಮೂರು ತಾಸು ಕೂತೆ. ಪ್ರಯೋಗ ಆಗಬಾರದು ಎಂದು ಬೇಡಿಕೊಳ್ಳುತ್ತ ಕೂತ ಸಂಶೋಧಕಿಯನ್ನು ನೀವು ಇನ್ನೆಲ್ಲೂ ನೋಡಿರಲಾರಿರಿ.

ಆದದ್ದು ಗೊತ್ತಾಗುವುದು ಸುಲಭ. ಬಿಳಿ ಪುಡಿ ಬಳಿದ ಒಂದು ಸಣ್ಣ ಪಟ್ಟಿಯ ಮೇಲೆ ದ್ರಾವಣದ ಹನಿ ಇಟ್ಟು, ಮೇಲಕ್ಕೆ ಹೀರಿಸಿ, ನೇರಳಾತೀತ ದೀಪದ ಕೆಳಗೆ ಹಿಡಿದರೆ ಯಾವ ಪದಾರ್ಥ ಎಷ್ಟು ಎತ್ತರಕ್ಕೆ ಏರಿದೆ ಎಂದು ಕಾಣುತ್ತದೆ. ನನ್ನ ಬೆಸೆದ ಉಂಗುರದ ಗುರುತು ಎಷ್ಟು ಎತ್ತರದಲ್ಲಿರುತ್ತದೆ ಎಂಬುದು ನನಗೆ ನನ್ನ ಹಣೆಯ ಕುಂಕುಮದ ಜಾಗದಷ್ಟು ಪರಿಚಿತ. ಹಿಡಿದೆ. ಅಲ್ಲೇ ಇತ್ತು, ದಟ್ಟವಾಗಿ. ಕಬ್ಬಿಣದ ಒಂದು ಕಣವೂ ಇಲ್ಲದ ಫ್ಲಾಸ್ಕಿನಲ್ಲಿ ನನ್ನ ಕಬ್ಬಿಣದ ಸಾಧನೆ ನಡೆದಿತ್ತು. ಬೀಡಿನ ಮೈಯ ಗೀರುಗಳಲ್ಲಿ ವರ್ಷಗಳಿಂದ ಅಡಗಿ ಕೂತಿದ್ದ ಪೆಲ್ಲಾಡಿಯಂ ಎಲ್ಲವನ್ನೂ ಮಾಡಿತ್ತು. ಆಮೇಲೆ ಇನ್ನೆರಡು ಸಲ ಮಾಡಿ ನೋಡಿದೆ. ಅದೇ ಉತ್ತರ.

ಸೋಮವಾರ ಬೆಳಿಗ್ಗೆ ಮೂರು ಪಟ್ಟಿಗಳನ್ನು ಸರ್ ಮೇಜಿನ ಮೇಲಿಟ್ಟೆ. ಅವರು ಒಂದೊಂದನ್ನೇ ದೀಪಕ್ಕೆ ಹಿಡಿದು ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕಬ್ಬಿಣ ಇಲ್ಲದೆ?”

“ಇಲ್ಲದೆ, ಸರ್.”

ಹೊರಗೆ ಯಾರೋ ಗ್ಯಾಸ್ ಸಿಲಿಂಡರನ್ನು ಉರುಳಿಸಿಕೊಂಡು ಹೋಗುತ್ತಿದ್ದ ಸದ್ದು. ಆಮೇಲೆ ಕೇಳಿದರು, “ನಿನಗೆ ಅನುಮಾನ ಬಂದದ್ದು ಯಾವಾಗ ಅಮ್ಮಾ?”

ಎಲ್ಲವನ್ನೂ ಹೇಳಿದೆ. ವರಾಂಡದಲ್ಲಿ ದೇವಿಂದ್ರಮ್ಮ ಕನ್ನಡದಲ್ಲಿ ಆಡಿದ ಮಾತನ್ನು ಪದಪದವಾಗಿ ತೆಲುಗಿಗೆ ತಂದು ಹೇಳಿದೆ. ಹನ್ನೆರಡು ದಿನ ತಡವಾಗಿ. ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು.

“ನನಗೆ ಒಂದು ಕಾರಣ ಬೇಕಿತ್ತು, ಕೈಗೆ ಸಿಕ್ಕ ಬಡವಳನ್ನು ಹಿಡಿದೆ. ನಿನಗೆ ಕಾರಣ ಗೊತ್ತಿತ್ತು, ಸುಮ್ಮನಿದ್ದೆ. ಯಾರದು ದೊಡ್ಡ ತಪ್ಪು ಎಂದು ಲೆಕ್ಕ ಹಾಕುವುದು ಬೇಡ” ಎಂದರು ಸರ್. ಅಂದೇ ಕೂತು ಪತ್ರಿಕೆಗೆ ಪತ್ರ ಬರೆದರು. ನಮ್ಮ ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತಿದ್ದೇವೆ, ಕಾರಣ ಹೀಗೆ. ಹತ್ತು ಸಾಲು. ಹೊರದೇಶದ ಆ ಪ್ರಾಧ್ಯಾಪಕರಿಗೂ ಬರೆದರು. ಯೋಜನೆ ಕೈತಪ್ಪಿತು. ನನ್ನ ಪಿಎಚ್.ಡಿ ಎರಡು ವರ್ಷ ಹಿಂದೆ ಬಿತ್ತು.

ಅಂದು ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಕಾರ್ಖಾನೆಯಲ್ಲಿ ಅವರದು ತಯಾರಾದ ಭಾಗಗಳನ್ನು ಅಳೆದು ಪರೀಕ್ಷಿಸುವ ಕೆಲಸ. ಪತ್ರಿಕೆಯ ಸಂಗತಿಯನ್ನು ಸುಮ್ಮನೆ ಕೇಳಿಸಿಕೊಂಡರು. “ಮಾಲು ಕೆಟ್ಟಿದ್ರ ಕೆಂಪ ಬಣ್ಣ ಬಳದು ಬಾಜೂ ಇಡತೀವಿ. ಅದರಾಗ ನಾಚಿಕಿ ಇಲ್ಲ” ಎಂದರು. ವರಾಂಡದ ಸಂಗತಿ ಹೇಳಿದಾಗ ಮಾತ್ರ ಊಟದ ತಟ್ಟೆಯಿಂದ ಕೈ ತೆಗೆದರು. “ಆ ಹೆಣಮಗಳು ಈಗ ಎಲ್ಲದಾಳ?” ಎಂದರು. ನನಗೆ ಗೊತ್ತಿರಲಿಲ್ಲ. ಮೂರು ವರ್ಷ ದಿನವೂ ಮಾತಾಡಿದವರ ಮನೆ ಎಲ್ಲಿದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಹುಡುಕಲು ಮೂರು ವಾರ ಹಿಡಿಯಿತು. ಬೆಳಿಗ್ಗೆ ಕೂಲಿಗೆ ನಿಲ್ಲುವ ಅಡ್ಡಾಗಳಲ್ಲಿ ಯಾದಗಿರಿ ಕಡೆಯ ಹೆಂಗಸರನ್ನು ಕೇಳಿಕೊಂಡು ತಿರುಗಿದೆ. ಕೊನೆಗೆ ಊರಿನ ಪಶ್ಚಿಮಕ್ಕೆ, ಅಪಾರ್ಟ್‌ಮೆಂಟು ಏಳುತ್ತಿದ್ದ ಜಾಗದ ಬದಿಯ ತಗಡಿನ ಶೆಡ್ಡುಗಳ ಸಾಲಿನಲ್ಲಿ ಸಿಕ್ಕರು. ತಲೆಯ ಮೇಲಿನ ಸಿಂಬೆಯನ್ನೂ ತೆಗೆಯದೆ ನನ್ನನ್ನು ನೋಡಿದರು. ಕೂಡ್ರಿ ಎನ್ನಲಿಲ್ಲ.

“ನಿಮ್ಮ ಮಾತ ಖರೇ ಇತ್ತು” ಎಂದೆ. “ಆ ಚುಕ್ಕಿಯೊಳಗ ಬ್ಯಾರೆ ಲೋಹ ಇತ್ತು. ಎಲ್ಲಾ ಅದರಿಂದನ ಆಗಿತ್ತು. ಅವತ್ತ ನಾ ಸುಳ್ಳ ಹೇಳಿದೆ. ನಂದು ತಪ್ಪಾತ್ರಿ.”

“ಗೊತ್ತೈತ್ರಿ. ಅವತ್ತ ಒಂದ ಮಾತ ಆಡಿದ್ರ ಸಾಕಿತ್ತು” ಎಂದರು.

ಸರ್ ವಾಪಸ್ ಕರೆಯುತ್ತಿದ್ದಾರೆ, ನಾಳೆಯಿಂದಲೇ ಬನ್ನಿ ಎಂದೆ. ಅವರು ಶೆಡ್ಡಿನ ಮುಂದೆ ಪೇರಿಸಿದ್ದ ಇಟ್ಟಿಗೆಯ ಕಡೆ ನೋಡಿದರು.

“ಒಲ್ಲೆ. ಇಲ್ಲಿ ಯಾರೂ ನಾ ಹೊತ್ತ ಇಟ್ಟಂಗಿ ಹೊಲಸ ಐತಿ ಅನ್ನಂಗಿಲ್ಲ. ಅಲ್ಲಿ ನಾನು ಮೈ ತೊಳಕೊಂಡಕಿಂತ ಭಾಳ ಆ ಗಾಜು ತೊಳದೀನ್ರಿ ಅಕ್ಕೋರ. ಈಗ ನಮ್ಮೂರ ಮಂದಿಗೆಲ್ಲ ಗೊತ್ತಾಗೈತಿ, ದೇವಿಂದ್ರಮ್ಮನ ಕೈಯಾಗ ಸ್ವಚ್ಛ ಇಲ್ಲಂತ ಹೊರಗ ಹಾಕ್ಯಾರ ಅಂತ. ನನ್ನ ಸೊಸಿ ಕಡಿಯವ್ರ ಕಿವಿಗೂ ಬಿದ್ದೈತಿ. ನೀವು ಇಲ್ಲಿಗಿ ಬಂದು ನನ್ನೊಬ್ಬಾಕಿಗಿ ತಪ್ಪಾತು ಅಂದ್ರ ಏನ್ ಬಂತು? ಆ ಬುಕ್ಕಿನ್ಯಾಗ ಬರದಾರಲ್ಲ, ಅದನ್ನ ಹೊಡದ ಹಾಕಸ್ರಿ. ಅಷ್ಟ ಮಾಡ್ರಿ.”

ಪತ್ರಿಕೆಯಿಂದ ಪ್ರಬಂಧವನ್ನು ಹಿಂತೆಗೆಯಲು ನಮಗೆ ಒಂದು ದಿನ ಸಾಕಾಗಿತ್ತು. ಆ ರಿಜಿಸ್ಟರಿನ ಒಂದು ಸಾಲು ಹೊಡೆಸಲು ಎರಡು ತಿಂಗಳು ಬೇಕಾಯಿತು. ಗುತ್ತಿಗೆದಾರನಿಗೆ ಇದು ಅರ್ಥವೇ ಆಗಲಿಲ್ಲ. ಬಿಟ್ಟುಹೋದ ಹೆಂಗಸಿನ ಹೆಸರಿನ ಮುಂದೆ ಏನಿದ್ದರೇನು ಎನ್ನುತ್ತಿದ್ದ. ಸರ್ ಮೂರು ಸಲ ಅವನ ಆಫೀಸಿಗೆ ಹೋದರು, ಕಾದು ಕೂತರು. ಕಡೆಗೆ ಅವರೆದುರಿಗೇ ಆ ಸಾಲನ್ನು ಹೊಡೆಸಿ, ಕೆಳಗೆ ತಾವೇ ಸಹಿ ಮಾಡಿದರು. ಆಮೇಲೆ ಸಂಸ್ಥೆಯ ಕಾಗದದ ಮೇಲೆ ಒಂದು ಪತ್ರ ಬರೆದು, “ನಡಿ ಅಮ್ಮಾ, ನಾನೂ ಬರುತ್ತೇನೆ” ಎಂದರು.

ನಾವು ಹೋದದ್ದು ಒಂದು ರಜೆಯ ಬೆಳಿಗ್ಗೆ. ಶೆಡ್ಡುಗಳ ನಡುವೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ರೊಟ್ಟಿ ಬಡಿಯುತ್ತಿದ್ದರು. ದೇವಿಂದ್ರಮ್ಮ ಎಲ್ಲರನ್ನೂ ಕರೆದರು. ಹತ್ತು ಹದಿನೈದು ಮಂದಿ ಬಂದು ಸುತ್ತ ನಿಂತರು. ಸರ್ ನಿಂತುಕೊಂಡೇ ಪತ್ರವನ್ನು ತೆಲುಗಿನಲ್ಲಿ ಓದಿದರು. ಪ್ರತಿ ಸಾಲಿಗೂ ನಿಂತು ನನ್ನ ಕಡೆ ನೋಡಿದರು. ನಾನು ಕನ್ನಡದಲ್ಲಿ ಹೇಳುತ್ತ ಹೋದೆ.

“ದೇವಿಂದ್ರಮ್ಮನವರು ನಮ್ಮಲ್ಲಿ ಮೂರು ವರ್ಷ ಗಾಜಿನ ಪಾತ್ರಿ ತೊಳದಾರ. ಅವರ ಕೆಲಸ ಸ್ವಚ್ಛ ಇತ್ತು. ಒಂದು ಸಾಮಾನು ಕೆಟ್ಟೈತಿ ಅಂತ ಅವರು ಮೊದಲ ತೋರ್ಸಿದ್ರು. ನಾವು ಕೇಳಲಿಲ್ಲ. ಅವರ ಮ್ಯಾಲ ಹೊರಸಿದ್ದು ಸುಳ್ಳು. ತಪ್ಪು ನಮ್ಮದು.”

ಕೊನೆಯ ಸಾಲಿಗೆ ಸರ್ ಬರೆಯದ ಇನ್ನೊಂದನ್ನು ನಾನೇ ಸೇರಿಸಿದೆ. “ಅವರು ಹೇಳಿದ್ದನ್ನ ತೆಲುಗಿನ್ಯಾಗ ಹೇಳಬೇಕಾದಾಕಿ ನಾನು. ನಾ ಹೇಳಲಿಲ್ಲ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೇವಿಂದ್ರಮ್ಮನ ಮುಖದಲ್ಲಿ ಏನೂ ಕಾಣಲಿಲ್ಲ. “ಇನ್ನೊಂದ ಸಲ ಓದ್ರಿ” ಎಂದರು. ಓದಿದೆವು. ಆಮೇಲೆ ಕಾಗದವನ್ನು ಕೈಯಲ್ಲಿ ಇಸಿದುಕೊಂಡು, ಒಳಗೆ ಹೋಗಿ, ರೇಷನ್ ಕಾರ್ಡು ಇಟ್ಟಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟು ಬಂದರು. ಸರ್‌ಗೆ ನೀರು ತಂದುಕೊಟ್ಟರು. ನನಗೂ ಕೊಟ್ಟರು. ಮರುವರ್ಷ ಆ ಕಟ್ಟಡ ಮುಗಿದು ಅವರ ಗುಂಪು ಪುಣೆಯ ಕಡೆ ಹೋಯಿತೆಂದು ಕೇಳಿದೆ. ಆಮೇಲೆ ಅವರನ್ನು ನೋಡಲಿಲ್ಲ.

ಈಗ ನಾನೂ ಪಾಠ ಮಾಡುತ್ತೇನೆ, ಸಣ್ಣದೊಂದು ಲ್ಯಾಬು ನನ್ನದೂ ಇದೆ. ಬೇರೆ ಕಾಲೇಜುಗಳವರು ‘ನಿರವಯವ ರಸಾಯನಶಾಸ್ತ್ರದ ಇತ್ತೀಚಿನ ಸಾಧನೆಗಳು’ ಎಂದು ಉಪನ್ಯಾಸಕ್ಕೆ ಕರೆಯುತ್ತಾರೆ. ಹೇಳಲು ಬೇಕಾದಷ್ಟಿದೆ. ಲೋಹದ ಪರಮಾಣುಗಳನ್ನು ಮೂಲೆಗಲ್ಲಾಗಿಸಿ, ಇಂಗಾಲದ ಅಣುಗಳನ್ನು ತೊಲೆಯಾಗಿಸಿ ಕಟ್ಟಿದ ಹರಳುಗಳಿವೆ. ಅವುಗಳ ಒಳಗೆ ಕಣ್ಣಿಗೆ ಕಾಣದ ಸಾವಿರಾರು ಕೋಣೆಗಳು. ಮರುಭೂಮಿಯ ಒಣಗಾಳಿಯಿಂದಲೂ ನೀರು ಹೀರಿ ಆ ಕೋಣೆಗಳಲ್ಲಿ ಹಿಡಿದಿಟ್ಟುಕೊಳ್ಳುತ್ತವೆ. ಕಬ್ಬಿಣದಿಂದ ಕೆಲಸ ಮಾಡಿಸುವುದೂ ಅಲ್ಲಲ್ಲಿ ನಿಜವಾಗಿಯೇ ಸಾಧ್ಯವಾಗಿದೆ, ನನ್ನಿಂದಲ್ಲ. ಕಲಕುವ ಬೀಡುಗಳ ಗೀರಿನಲ್ಲಿ ಲೋಹದ ಕಣಗಳು ಕೂತಿರುವುದನ್ನು ಬೇರೆ ದೇಶದವರು ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು ತೋರಿಸಿದ್ದಾರೆ. ಆ ಚಿತ್ರ ತೆರೆಯ ಮೇಲೆ ಬಂದಾಗ ಸಭೆಯಲ್ಲಿ ಎಲ್ಲರೂ ಬೆರಗಾಗುತ್ತಾರೆ. ನಾನು ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತೇನೆ. ಅಲ್ಲಿ ಒಂದು ಹೆಸರು ಹೇಳಬೇಕಿತ್ತು. ಇಷ್ಟು ದಿನ ಹೇಳದೇ ಬಂದೆ.

ಮೊನ್ನೆ ಬುಧವಾರ ನನ್ನ ವಿದ್ಯಾರ್ಥಿನಿಯೊಬ್ಬಳು ಬಾಗಿಲಲ್ಲಿ ನಿಂತಳು. ನೀರು ಹೀರುವ ಹರಳುಗಳ ಮೇಲೆ ಕೆಲಸ ಮಾಡುತ್ತಿದ್ದಾಳೆ. ಒಳ್ಳೆಯ ಫಲ ಬಂದಿದೆ. ಮುಂದಿನ ವಾರವೇ ದೊಡ್ಡ ಸಭೆಯೊಂದರಲ್ಲಿ ಹೇಳಬೇಕು. “ಮೇಡಂ, ಪ್ರಯೋಗ ನಿಲ್ಲಿಸಿದ್ದೇನೆ” ಎಂದಳು. ಯಾಕೆಂದು ಕೇಳಿದೆ. ನಮ್ಮಲ್ಲಿ ಗಾಜು ತೊಳೆಯುವ ಯಾದಮ್ಮ ಆ ಫ್ಲಾಸ್ಕನ್ನು ಬಳಸಬೇಡ ಎಂದರಂತೆ, ಒಳಗಿನ ಮೈ ಮಂಜಾಗಿದೆಯಂತೆ. ಅದರಲ್ಲೇ ಇವಳು ಮೂರು ತಿಂಗಳು ಕೆಲಸ ಮಾಡಿದ್ದಳು.

ನಿಮ್ಮಲ್ಲಿ ಮುಚ್ಚುಮರೆ ಏಕೆ? ನನ್ನ ಬಾಯಿಗೆ ಮೊದಲು ಬಂದ ಮಾತು, ಸಭೆ ಮುಗಿಯಲಿ, ಆಮೇಲೆ ನೋಡೋಣ ಎಂಬುದೇ. ತುಟಿಯವರೆಗೂ ಬಂದಿತ್ತು. ಆ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಎದ್ದು ಅವಳ ಜೊತೆ ಹೋದೆ.

ಯಾದಮ್ಮ ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. “ಇಕ್ಕಡ ಸೂಡಂಡಿ ಮೇಡಂ” ಎಂದು ಬೆರಳಿಟ್ಟು ತೋರಿಸಿದರು. ಇಲ್ಲಿ ನೋಡಿ ಎಂದು. ನನಗೆ ಏನೂ ಕಾಣಲಿಲ್ಲ. ಕಾಣುತ್ತಿಲ್ಲ ಎಂದು ಅವರಿಗೆ ಹೇಳಿದೆ. ಅವರು ಬೇಸರಪಡದೆ ಫ್ಲಾಸ್ಕನ್ನು ಸ್ವಲ್ಪ ಓರೆ ಮಾಡಿದರು. ನಾನು ಕನ್ನಡಕ ಒರೆಸಿಕೊಂಡು, ಅವರ ಭುಜದ ಪಕ್ಕಕ್ಕೆ ಬಗ್ಗಿ, ಇನ್ನೊಮ್ಮೆ ನೋಡಿದೆ.